ಮುಚ್ಚಿದ ಪೆಟ್ಟಿಗೆಯ ಒಂದು ಚಿತ್ರ

ಹಾಸ್ಟೆಲ್, ನೌಬಾದ, ಬೀದರ
1 ಸೆಪ್ಟೆಂಬರ್ 2024, ರವಿವಾರ

ಪ್ರೀತಿಯ ಮೌಶಿ,

ಫೋನಿನಲ್ಲಿ ನಾನು 'ಹೂಂ, ಆರಾಮ' ಬಿಟ್ಟು ಬೇರೇನೂ ಹೇಳುವುದಿಲ್ಲ, ಕಾಗದ ಬರೆ ಎಂದೆಯಲ್ಲ, ಬರೆಯುತ್ತಿದ್ದೇನೆ. ನಿನ್ನೆ ಅಂಚೆ ಕಚೇರಿಗೆ ಹೋಗಿ ಜಪಾನಿಗೆ ಕಾಗದ ಮುಟ್ಟಲು ಎಷ್ಟು ದಿನ ಬೇಕೆಂದು ಕೇಳಿದೆ. "ಜಪಾನದಾಗ ನಿಮ್ಮೋರು ಯಾರವ್ವಾ?" ಎಂದರು ಕೌಂಟರಿನವರು. "ನಮ್ಮ ಮೌಶಿರಿ, ಅಮ್ಮನ ತಂಗಿ. ಗಣಿಯೊಳಗ ಕೆಲಸ ಮಾಡ್ತಾಳ" ಎಂದೆ. "ಪಾಪ" ಎಂದರು.

ಹಾಸ್ಟೆಲ್ ನನಗೆ ಹೊಸದಲ್ಲ. ಐದನೇ ತರಗತಿಯಲ್ಲಿ ಸಂತಪುರ ಬಿಟ್ಟಾಗಿನಿಂದ ಹಾಸ್ಟೆಲಿನ ತಟ್ಟೆಯಲ್ಲೇ ಉಂಡವಳು. ಆದರೂ ಬಿ.ಎಸ್ಸಿ.ಗೆ ಸೇರಿದ ಮೇಲೆ ರಾತ್ರಿ ಎದ್ದೆದ್ದು ಪುಸ್ತಕ ತೆರೆಯುತ್ತೇನೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷ್ ಅರ್ಧ ವಾಕ್ಯದವರೆಗೆ ಚೆನ್ನಾಗಿ ನಡೆದು ಅಲ್ಲಿಯೇ ಕೂತುಬಿಡುತ್ತದೆ. ರೂಮಿನಲ್ಲಿ ನನ್ನ ಜೊತೆ ಇರುವವಳು ಜನವಾಡದ ಆರತಿ. ಅವಳದೂ ಅದೇ ಕಥೆ, ಆದರೆ ಅವಳಿಗೆ ಟೆನ್ಶನ್ ಇಲ್ಲ. ಅವಳ ಪಾಲಿನ ಟೆನ್ಶನ್ನನ್ನೂ ನಾನೇ ಮಾಡುತ್ತೇನಂತೆ.

ಈಗ ನಿನಗೆ ಮಾತ್ರ ಹೇಳುವುದು. ಅಮ್ಮನಿಗೆ ಹೇಳಬೇಡ. ಫಿಜಿಕ್ಸ್ ಪ್ರಾಕ್ಟಿಕಲ್‌ನಲ್ಲಿ ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ಇಪ್ಪತ್ತು ತೂಗಿಗೆ ಎಷ್ಟು ಸೆಕೆಂಡ್ ಎಂದು ನೋಡಿ, ಭೂಮಿ ಎಷ್ಟು ಜಗ್ಗುತ್ತದೆ ಎಂದು ಲೆಕ್ಕ ಹಾಕಬೇಕು. ಉತ್ತರ 980ರ ಹತ್ತಿರ ಬರಬೇಕು. ನನಗೆ ಅದಕ್ಕಿಂತ ಬಹಳ ಹೆಚ್ಚು ಬಂತು. ಮೂರು ಸಲ ಮಾಡಿದರೂ ಹಾಗೇ. ಲ್ಯಾಬ್ ಅಟೆಂಡರ್ ಮಕ್ಸೂದ ಮಾಮಾ ಬಂದು ನೋಡಿ, "ಬೇಟಿ, ಮೂವತ್ತು ವರ್ಷದಿಂದ ಈ ಲ್ಯಾಬಿನಾಗ 980ಏ ಬಂದದ. ನಿಂದೊಂದಕ್ಕೇ ಹ್ಯಾಂಗ ಬ್ಯಾರೆ ಬರ್ತದ?" ಎಂದರು. ಆಮೇಲೆ ದಾರಿಯನ್ನೂ ತೋರಿಸಿದರು. ಎಲ್ಲರೂ ಮಾಡುವುದು ಅದೇ. ರೆಕಾರ್ಡ್ ಪುಸ್ತಕದ ಕೆಳಗಡೆ ಮೊದಲು 980 ಬರೆಯುವುದು, ಅಲ್ಲಿಂದ ಮೇಲಕ್ಕೆ ಲೆಕ್ಕ ಹತ್ತಿಸಿ, ಅದಕ್ಕೆ ಎಷ್ಟು ಸೆಕೆಂಡ್ ಬೇಕೋ ಅಷ್ಟು ತುಂಬುವುದು. ನಾನೂ ತುಂಬಿದೆ. ನರಸಿಂಗ ಸರ್ ಹತ್ತಕ್ಕೆ ಒಂಬತ್ತು ಕೊಟ್ಟು 'ಗುಡ್' ಎಂದು ಬರೆದರು. ಆ 'ಗುಡ್' ನೋಡಿದಾಗಿನಿಂದ ಊಟ ಸೇರುತ್ತಿಲ್ಲ.

ನೀನು ಅಲ್ಲಿ ಖರೇ ಏನು ಮಾಡುತ್ತೀ ಮೌಶಿ? ಬೆಟ್ಟದ ಹೊಟ್ಟೆಯಲ್ಲಿ ನೀರು ಕಾಯುತ್ತೀ ಎಂದು ಅಜ್ಜಿ ಭಾಲ್ಕಿಯ ಓಣಿಗೆಲ್ಲ ಹೇಳಿದ್ದಾಳೆ. ನ್ಯೂಟ್ರಿನೋದ ಫೋಟೋ ಇದ್ದರೆ ಒಂದು ಕಳಿಸು. ಗೋಡೆಗೆ ಹಚ್ಚುತ್ತೇನೆ.

ಜೈಭೀಮ.
ನಿನ್ನ ವಿಶಾಖಾ


ಗಣಿಯ ಊರು, ಜಪಾನ್
19 ಸೆಪ್ಟೆಂಬರ್ 2024

ಪ್ರೀತಿಯ ವಿಶೂ,

ಅಂಚೆಯವರು 'ಪಾಪ' ಎಂದದ್ದು ಪೂರ್ತಿ ತಪ್ಪಲ್ಲ. ನಿಮ್ಮ ಅಜ್ಜಿ ಹೇಳಿದ್ದೂ ಬಹಳ ಮಟ್ಟಿಗೆ ಸರಿ. ಇದೊಂದು ಹಳೆಯ ಗಣಿ. ಒಳಗೆ ಬಾವಿಯಂಥ ದೊಡ್ಡ ತೊಟ್ಟಿ, ಅದರ ತುಂಬ ಕನ್ನಡಿಯಷ್ಟು ಶುದ್ಧವಾದ ನೀರು, ತೊಟ್ಟಿಯ ಗೋಡೆಗಳ ತುಂಬ ಸಾವಿರಾರು ಗಾಜಿನ ಕಣ್ಣುಗಳು. ನ್ಯೂಟ್ರಿನೋ ಎನ್ನುವುದು ಯಾವುದಕ್ಕೂ ತಾಗದೆ ದಾಟಿಹೋಗುವ ಕಣ. ನೀನು ಈ ಸಾಲು ಓದುವಷ್ಟರಲ್ಲಿ ಕೋಟಿಗಟ್ಟಲೆ ನಿನ್ನೊಳಗಿಂದ ಹಾದುಹೋಗಿರುತ್ತವೆ. ಬಲು ಅಪರೂಪಕ್ಕೆ ಒಂದು ನೀರಿಗೆ ತಾಗುತ್ತದೆ. ಆಗ ನಸುನೀಲಿ ಬೆಳಕೊಂದು ಹೊಮ್ಮಿ, ಗೋಡೆಯ ಮೇಲೆ ಬಳೆಯಾಕಾರದಲ್ಲಿ ಬೀಳುತ್ತದೆ. ಕಣ್ಣುಗಳು ಅದನ್ನು ಹಿಡಿಯುತ್ತವೆ. ಬಹಳ ಹಿಂದೆ ಸಿಡಿದುಹೋದ ನಕ್ಷತ್ರಗಳಿಂದ ಹೊರಟ ನ್ಯೂಟ್ರಿನೋಗಳನ್ನು ನಾವು ಹುಡುಕುತ್ತಿದ್ದೇವೆ. ಇನ್ನೂ ಯಾರಿಗೂ ಅವು ಖಚಿತವಾಗಿ ಸಿಕ್ಕಿಲ್ಲ.

ನಿನ್ನ 980ರ ವಿಷಯಕ್ಕೆ ಬೈಯುವುದಿಲ್ಲ. ಮಕ್ಸೂದ ಮಾಮಾ ಇಲ್ಲಿಯೂ ಇದ್ದಾರೆ, ಪ್ರತಿಯೊಬ್ಬರ ತಲೆಯೊಳಗೆ. ಇಂಥದ್ದು ಬರಬೇಕು ಎಂದು ಮನಸ್ಸು ಬಯಸಿತೆಂದರೆ ಕೈ ತಾನಾಗಿಯೇ ಅತ್ತ ಹೊರಳುತ್ತದೆ. ಅದಕ್ಕೇ ನಾವು ಒಂದು ಪೆಟ್ಟಿಗೆ ಮಾಡಿಕೊಂಡಿದ್ದೇವೆ. ಮರದ್ದಲ್ಲ, ಕಂಪ್ಯೂಟರಿನೊಳಗಿನದು. ದಿನದಿನದ ದಾಖಲೆಗೆ ಒಂದೊಂದು ಸಂಖ್ಯೆ ಇರುತ್ತದೆ. ಸೊನ್ನೆಯಿಂದ ಮುಗಿಯುವ ಸಂಖ್ಯೆಯವನ್ನು ಮಾತ್ರ ನಾವು ತೆರೆದು ನೋಡಬಹುದು. ಉಳಿದ ಒಂಬತ್ತು ಪಾಲು ಮುಚ್ಚಿದ ಪೆಟ್ಟಿಗೆ. ಎಷ್ಟು ಮಂಕಾದ ಬಳೆಯನ್ನು ಬಿಡಬೇಕು, ಎಷ್ಟು ಬೆಳಗಿದ್ದನ್ನು ಇಟ್ಟುಕೊಳ್ಳಬೇಕು ಎಂಬ ಗೆರೆಯನ್ನು ಕಾಣದೆಯೇ ಎಳೆಯಬೇಕು. ಸದ್ಯ ಆ ಗೆರೆ 18ರಲ್ಲಿದೆ. ಎಲ್ಲ ತೀರ್ಮಾನವಾದ ಮೇಲೆ ಪೆಟ್ಟಿಗೆ ತೆರೆಯುವುದು. ಒಳಗೆ ಏನಿದ್ದರೂ ಒಪ್ಪಿಕೊಳ್ಳುವುದು.

ಏಪ್ರಿಲ್‌ನಲ್ಲಿ ತೆರೆಯುತ್ತೇವೆ. ಮೂರು ವರ್ಷದಿಂದ ಆ ಲೆಕ್ಕವನ್ನು ನಡೆಸುತ್ತಿರುವವಳು ನಾನು. ಫಲಿತಾಂಶವನ್ನು ಎಲ್ಲರೆದುರು ನಿಂತು ಹೇಳುವವಳೂ ನಾನೇ. ಪಿಎಚ್.ಡಿ. ಮುಗಿದು ಕಾಯಂ ಕೆಲಸ ಸಿಗುವ ನಡುವಿನ ಈ ಅವಸ್ಥೆಗೆ ಪೋಸ್ಟ್‌ಡಾಕ್ ಎಂದು ಹೆಸರು. ಓದು ಮುಗಿದಿದೆ, ಕೆಲಸ ಶುರುವಾಗಿಲ್ಲ. ನನ್ನ ಕರಾರು ಜೂನ್ 30ಕ್ಕೆ ಮುಗಿಯುತ್ತದೆ. ಈ ಫಲಿತಾಂಶ ನನ್ನ ಹೆಸರಿನಲ್ಲಿ ಹೊರಬಂದರೆ ನಮ್ಮ ದೇಶದ ಒಂದು ಸಂಸ್ಥೆ ನನ್ನನ್ನು ತೆಗೆದುಕೊಳ್ಳುವ ಮನಸ್ಸಿನಲ್ಲಿದೆ. ಹಾಗೆಂದು ಬರೆದಿದ್ದಾರೆ. ಬರದಿದ್ದರೆ ಜುಲೈ ಒಂದಕ್ಕೆ ಭಾಲ್ಕಿಯಲ್ಲಿ ಅವ್ವನ ಪಕ್ಕ ಕೂತು ತೊಗರಿ ಹಸನು ಮಾಡುತ್ತಿರುತ್ತೇನೆ.

ಕೇಳಿದೆಯಲ್ಲ, ಫೋಟೋ ಇದರೊಳಗಿದೆ. ನಿನ್ನೆ ಪಾಳಿ ಮುಗಿಸಿ ಏಳುವ ಹೊತ್ತಿಗೆ ಪಟ್ಟಿಯಲ್ಲಿ ಚೆಂದ ಕಂಡ ಬಳೆಯೊಂದನ್ನು ಆರಿಸಿ ಮುದ್ರಿಸಿದೆ. ಇದು ನ್ಯೂಟ್ರಿನೋ ಹೌದೋ ಅಲ್ಲವೋ ಯಾರೂ ಆಣೆ ಮಾಡಿ ಹೇಳಲಾರರು. ನೀನು ಹೌದು ಎಂದುಕೋ.

ಒಂದು ಕೇಳುತ್ತೇನೆ. ನಿನಗೆ ಮೊದಲು ಬಂದದ್ದು ಎಷ್ಟು? ತುಂಬಿದ್ದಲ್ಲ, ಬಂದದ್ದು.

ನಿನ್ನ ಮೌಶಿ,
ಮಹಾಮಾಯಾ


ಹಾಸ್ಟೆಲ್, ಬೀದರ
27 ಅಕ್ಟೋಬರ್ 2024, ರವಿವಾರ

ಪ್ರೀತಿಯ ಮೌಶಿ,

ಬಂದದ್ದು 1079. ಬರೆಯುವಾಗ ಕೂಡ ನಾಚಿಕೆಯಾಗುತ್ತಿದೆ. ಆದರೆ ಪೂರ್ತಿ ಕೇಳು.

ದಸರಾ ರಜೆಯಲ್ಲಿ ಎರಡು ದಿನ ಭಾಲ್ಕಿಯಲ್ಲಿದ್ದು, ಆಮೇಲೆ ಆರತಿಯ ಜೊತೆ ಜನವಾಡಕ್ಕೆ ಹೋದೆ. ಅವರದು ಕುರಿ ಸಾಕುವ ಮನೆ. ಸಂಜೆ ಹಟ್ಟಿಯ ಬಾಗಿಲಿನ ಎರಡೂ ಕಡೆ ಅವರಪ್ಪ ಮಡೆಪ್ಪ ಮಾಮಾ, ಅವರವ್ವ ಚಂದ್ರಭಾಗಾ ಮಾಮಿ ನಿಲ್ಲುತ್ತಾರೆ. ಕುರಿಗಳು ನಡುವೆ ಒಂದೊಂದಾಗಿ ಒಳಗೆ ಹೋಗುತ್ತವೆ. ಇಬ್ಬರೂ ತುಟಿ ಅಲ್ಲಾಡಿಸದೆ ಎಣಿಸುತ್ತಾರೆ. ಕಡೆಯದು ಒಳಗಾದ ಮೇಲೆ ಇಬ್ಬರೂ ಒಟ್ಟಿಗೇ ಬಾಯಿಬಿಡಬೇಕು. ಅದು ಅವರ ಮನೆಯ ನೇಮ.

"ಎಂಬತ್ತೈದು!" ಎಂದರು ಮಾಮಾ. "ಎಂಬತ್ತಾರು!" ಎಂದರು ಮಾಮಿ.

"ನಿಮ್ಮ ಕಣ್ಣು ಎತ್ತ ಇತ್ತರಿ?"

"ನೀನ ಆ ಹೊಟ್ಟಿಬಾಕ ಟಗರಿಗಿ ಎರಡು ಸಲ ಎಣಿಸಿರ್ಬೇಕು. ಅದು ಒಂದೇ ಇದ್ರೂ ಎರಡರಷ್ಟು ಅದ."

ಅಷ್ಟೂ ಕುರಿಗಳನ್ನು ಮತ್ತೆ ಹೊರಗೆ ಹೊಡೆದರು. ನಾನು ತಡೆಯಲಾರದೆ ಕೇಳಿದೆ: "ಮಾಮಾ, ಮಾಮಿ ಹೇಳಿದ್ದು ಒಪ್ಪಿಕೊಂಡಿದ್ರ ಮುಗೀತಿತ್ತಲ್ಲರಿ?"

"ಒಪ್ಪಿಕೊಳ್ಳೋದಿದ್ರ ಇಬ್ಬರು ಯಾಕ ನಿಲ್ಬೇಕವ್ವಾ? ಒಬ್ರು ನಿಂತ್ರ ಸಾಕಲ್ಲ, ಇನ್ನೊಬ್ರು ಚಹಾ ಮಾಡ್ತಾರ."

ಎರಡನೇ ಸಲ ಇಬ್ಬರಿಗೂ ಎಂಬತ್ತಾರು. ಮಾಮಿ ಮಾಮಾನ ಕಡೆ ನೋಡಿದ ನೋಟವನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ.

ಕಾಲೇಜು ಶುರುವಾದ ಮೇಲೆ ನಾನೂ ಆರತಿಯೂ ಲ್ಯಾಬಿನಲ್ಲಿ ಗುಂಡಿನ ಎರಡು ಕಡೆ ನಿಂತು ಬಾಯಿ ಮುಚ್ಚಿಕೊಂಡು ಎಣಿಸಿದೆವು. ನಾನು "ಇಪ್ಪತ್ತು" ಎಂದೆ. ಅವಳು "ಹತ್ತೊಂಬತ್ತು" ಎಂದಳು. ಮತ್ತೆ ಮಾಡಿದೆವು, ಮತ್ತೆ ಹಾಗೇ. ಆಗ ಹೊಳೆಯಿತು ಮೌಶಿ. ಗುಂಡನ್ನು ಬಿಡುವಾಗಲೇ ನಾನು 'ಒಂದು' ಎನ್ನುತ್ತಿದ್ದೆ! ಅದು ಇನ್ನೂ ಒಂದು ತೂಗೂ ತೂಗಿರಲಿಲ್ಲ. ಸರಿಯಾಗಿ ಎಣಿಸಿದಾಗ 974 ಬಂತು.

ಧೈರ್ಯ ಮಾಡಿ ನರಸಿಂಗ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. "1079? ಬೀದರದಾಗ ಭೂಮಿ ಅಷ್ಟು ಜಗ್ತದೇನವ್ವಾ? ನಾವೆಲ್ಲಾ ಇಷ್ಟೊತ್ತಿಗಿ ಕುಳ್ಳಗಾಗಿರ್ತಿದ್ವಿ" ಎಂದು ನಕ್ಕರು. ನಗುತ್ತಲೇ ಒಂಬತ್ತನ್ನು ಹೊಡೆದು ಏಳು ಮಾಡಿದರು. 'ಗುಡ್' ಎನ್ನುವುದನ್ನು ಮಾತ್ರ ಹಾಗೇ ಬಿಟ್ಟರು. ಮಕ್ಸೂದ ಮಾಮಾ ಇಣುಕಿ ನೋಡಿ, "974? ನಡೀತದ, 980ರ ತಮ್ಮ" ಎಂದರು. ಆವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ನಿನ್ನ ಚಿತ್ರ ಹಾಸಿಗೆಯ ಮೇಲಿನ ಗೋಡೆಯಲ್ಲಿದೆ. ಅದನ್ನು ಕಂಡು ಎಲ್ಲರೂ ರಂಗೋಲಿ ಎನ್ನುತ್ತಾರೆ. ದಿನಾ ನೋಡಿ ನೋಡಿ ಅದರ ಮೂಲೆಯ ಸಂಖ್ಯೆಗಳು ಬಾಯಿಪಾಠವಾಗಿವೆ. ಬಲಗಡೆ 17.6, ಅದು ಬೆಳಕಿನ ಅಳತೆ ಇರಬೇಕು. ಎಡಗಡೆ ದಾಖಲೆಯ ಸಂಖ್ಯೆ 7413. ಸೊನ್ನೆಯಿಂದ ಮುಗಿಯುವುದನ್ನು ಮಾತ್ರ ನೋಡಬಹುದು ಎಂದಿದ್ದೆಯಲ್ಲ, ಇದು ಮೂರರಿಂದ ಮುಗಿದಿದೆ. ಫೋಟೋಗಳಿಗೆ ಬೇರೆ ನಿಯಮವೇನು? ದಡ್ಡ ಪ್ರಶ್ನೆಯಾಗಿದ್ದರೆ ನಗಬೇಡ.

ಜೈಭೀಮ.
ನಿನ್ನ ವಿಶಾಖಾ


ಗಣಿಯ ಊರು
16 ನವೆಂಬರ್ 2024

ವಿಶೂ,

ದಡ್ಡ ಪ್ರಶ್ನೆಯಲ್ಲ. ನಿನ್ನ ಕಾಗದ ಬಂದು ಎಂಟು ದಿನವಾಯಿತು. ಉತ್ತರ ಇವತ್ತು ಬರೆಯುತ್ತಿದ್ದೇನೆ.

ಫೋಟೋಗಳಿಗೆ ಬೇರೆ ನಿಯಮವಿಲ್ಲ. ಅದು ಮುಚ್ಚಿದ ಪೆಟ್ಟಿಗೆಯದು.

ನನ್ನ ಪರದೆಯ ಮೇಲೆ ಎರಡು ಪಟ್ಟಿಗಳಿರುತ್ತವೆ. ಒಂದು ತೆರೆದ ದಾಖಲೆಗಳದು. ಇನ್ನೊಂದು ಎಲ್ಲವೂ ಇರುವುದು. ಗಾಜಿನ ಕಣ್ಣುಗಳಲ್ಲಿ ಯಾವುದು ಕೆಟ್ಟಿದೆ ಎಂದು ನೋಡುವ ಕೆಲಸ ನನ್ನದಾದ್ದರಿಂದ ಎರಡನೆಯದೂ ನನಗೆ ಕಾಣುತ್ತದೆ, ಆದರೆ ಅದರೊಳಗಿನ ಚಿತ್ರಗಳನ್ನು ತೆರೆಯಕೂಡದು. ಆ ದಿನ ನಿನಗಾಗಿ ಚೆಂದದ ಬಳೆಯೊಂದನ್ನು ಹುಡುಕುವ ಖುಷಿಯಲ್ಲಿ ಯಾವ ಪಟ್ಟಿಯಲ್ಲಿ ಇದ್ದೇನೆಂದು ನೋಡಲಿಲ್ಲ. ಮೂಲೆಯ ಸಂಖ್ಯೆಯನ್ನೂ ಓದಲಿಲ್ಲ. ಓದಲಿಲ್ಲ ಎಂದೇ ನನ್ನ ನೆನಪು.

ಇಷ್ಟೇ ಆಗಿದ್ದರೆ ಒಂದು ಚಿತ್ರವಷ್ಟೇ. ಆದರೆ ನಿನಗೆ ಕಾಗದ ಹಾಕಿದ ಒಂದು ವಾರಕ್ಕೆ, ಸೆಪ್ಟೆಂಬರ್ 26ರ ಸಭೆಯಲ್ಲಿ, ಗೆರೆಯನ್ನು 18ರಿಂದ 17ಕ್ಕೆ ಇಳಿಸೋಣ ಎಂದು ಹೇಳಿದವಳು ನಾನು. ಕಾರಣಗಳನ್ನು ಕೊಟ್ಟೆ. ಕಾರಣಗಳು ಒಳ್ಳೆಯವೇ. ನೀರು ಮೊದಲಿಗಿಂತ ಶುದ್ಧವಾಗಿದೆ, ಹಾಗಾಗಿ ಮಂಕು ಬಳೆಗಳನ್ನೂ ನಂಬಬಹುದು. ಎಲ್ಲರೂ ಒಪ್ಪಿದರು. ಈಗ ನಿನ್ನ ಗೋಡೆಯ ಮೇಲಿನ ಸಂಖ್ಯೆ ನೋಡು. 17.6. ಗೆರೆ 18ರಲ್ಲಿದ್ದರೆ ಆ ಬಳೆ ಹೊರಗೆ. 17ಕ್ಕೆ ಇಳಿಸಿದರೆ ಒಳಗೆ.

ಅದನ್ನು ಕಂಡದ್ದರಿಂದ ಗೆರೆ ಇಳಿಸಿದೆನೋ, ಕಾಣದಿದ್ದರೂ ಇಳಿಸುತ್ತಿದ್ದೆನೋ? ಎಂಟು ದಿನ ನನ್ನನ್ನೇ ಕೇಳಿಕೊಂಡೆ. ನನಗೆ ಗೊತ್ತಿಲ್ಲ, ವಿಶೂ. ಗೊತ್ತಾಗುವ ದಾರಿಯೂ ಇಲ್ಲ.

ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ಲೆಕ್ಕದಿಂದ ನನ್ನನ್ನು ತೆಗೆಯುತ್ತಾರೆ. ಏಪ್ರಿಲ್‌ನಲ್ಲಿ ಎದ್ದು ನಿಂತು ಹೇಳುವವರು ಬೇರೆಯವರಾಗುತ್ತಾರೆ. ಅದರ ಮುಂದಿನದು ನಿನಗೆ ಗೊತ್ತಿದೆ.

ಚಿತ್ರವನ್ನು ಗೋಡೆಯಿಂದ ತೆಗೆದಿಡು. ಹರಿಯಬೇಡ.

ಮಹಾಮಾಯಾ


ಹಾಸ್ಟೆಲ್, ಬೀದರ
1 ಡಿಸೆಂಬರ್ 2024, ರವಿವಾರ

ಮೌಶಿ,

ತೆಗೆದೆ. ಟ್ರಂಕಿನ ತಳದಲ್ಲಿ ಹಾಳೆಗಳ ಕೆಳಗಿದೆ. "ರಂಗೋಲಿ ಎಲ್ಲಿ ಹೋಯ್ತು?" ಎಂದು ಆರತಿ ಕೇಳಿದಳು. ಹರಿದುಹೋಯಿತು ಎಂದು ಸುಳ್ಳು ಹೇಳಿದೆ. ಅವಳು ನಂಬಲಿಲ್ಲ.

ಆ ಪ್ರಶ್ನೆ ನಾನು ಯಾಕೆ ಕೇಳಿದೆ? ಎಲ್ಲರೂ ಬಳೆ ನೋಡಿದರೆ ನಾನು ಮೂಲೆ ನೋಡಿದೆ. ಫೋಟೋ ಕೇಳಿದವಳೂ ನಾನೇ.

ನೀನು ಹೇಳಬೇಡ ಮೌಶಿ. ಕೈ ಮುಗಿಯುತ್ತೇನೆ. ಮೂರು ದಿನದಿಂದ ಯೋಚಿಸಿ ಬರೆಯುತ್ತಿದ್ದೇನೆ, ಅವಸರದಲ್ಲಿ ಅಲ್ಲ. ನೀನು ಕೊಟ್ಟ ಕಾರಣಗಳು ಒಳ್ಳೆಯವು ಎಂದು ನೀನೇ ಬರೆದಿದ್ದೀ. ಅಲ್ಲಿದ್ದವರೆಲ್ಲ ಒಪ್ಪಿದ್ದಾರೆ. ಅವರು ಯಾರೂ ಚಿತ್ರ ನೋಡಿಲ್ಲ. ನೋಡದವರು ಒಪ್ಪಿದ್ದಾರೆಂದರೆ ಗೆರೆ ಸರಿಯಾಗಿದೆ ಎಂದೇ ಅರ್ಥವಲ್ಲವೇ? ಅದೂ ಒಂದೇ ಒಂದು ಬಳೆ. ಕದ್ದು ನೋಡಿದ್ದಲ್ಲ, ಕೈತಪ್ಪಿ ಆದದ್ದು. ನನ್ನ 980 ಬೇರೆ, ಅದು ನಾನು ಬೇಕೆಂದೇ ಮಾಡಿದ್ದು. ನಿನ್ನದು ಹಾಗಲ್ಲ. ಈ ಭೂಮಿಯ ಮೇಲೆ ಇದು ಗೊತ್ತಿರುವವರು ನಾವಿಬ್ಬರೇ. ನಾನು ಹೇಳುವುದಿಲ್ಲ. ಅಮ್ಮನ ಎದುರೂ ಬಾಯಿಬಿಡುವುದಿಲ್ಲ.

ಮೊನ್ನೆ ಅಮ್ಮನ ಜೊತೆ ಭಾಲ್ಕಿಗೆ ಹೋಗಿದ್ದೆ. ಅಜ್ಜಿ ನಿನಗೆಂದು ಹಿಂದಿನ ಕೋಣೆಗೆ ಸುಣ್ಣ ಬಳಿಸಿದ್ದಾಳೆ. "ಈ ಜಿಜಾಬಾಯಿ ಮಗಳು ಇನ್ನ ಇಂಡಿಯಾದಾಗೇ ಇರ್ತಾಳ, ರಜಾದಾಗ ಬರ್ತಾಳ, ಹೋಗ್ತಾಳ" ಎಂದು ಓಣಿಗೆ ಹೇಳಿಕೊಂಡು ತಿರುಗುತ್ತಿದ್ದಾಳೆ. ಅಲ್ಲಿ ಕೂತು ಚಹಾ ಕುಡಿಯುವುದಾಗಲಿಲ್ಲ ನನಗೆ.

ನಿನ್ನೆ ಅಲ್ಲಿಂದಲೇ ಫೋನಿನಲ್ಲಿ ನೀನೂ ನಾನೂ 'ಹೂಂ, ಆರಾಮ' ಎಂದು ಇಟ್ಟೆವು. ಅಮ್ಮ ಪಕ್ಕದಲ್ಲಿದ್ದಳು. "ಮೌಶಿ ಧ್ವನಿ ಯಾಕ ಹಾಂಗದ?" ಎಂದಳು. "ಥಂಡಿ ಅದ ಅಲ್ಲಿ" ಎಂದೆ.

ಹೇಳಬೇಡ.

ವಿಶಾಖಾ


ಗಣಿಯ ಊರು
22 ಡಿಸೆಂಬರ್ 2024

ಪ್ರೀತಿಯ ವಿಶೂ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಿನ್ನ ಒಂದು ವಾದವನ್ನೂ ಸೋಲಿಸಲು ನನಗೆ ಆಗಲಿಲ್ಲ. ಅದಕ್ಕೇ ಭಯವಾಯಿತು. ಇಷ್ಟು ಚೆನ್ನಾಗಿ ಒಪ್ಪಿಸುವ ಮಾತುಗಳು ನನಗೆ ಬೇಕಾದ ದಿಕ್ಕಿನಲ್ಲೇ ಸಾಲಾಗಿ ಬರುತ್ತಿದ್ದವು. ಹೀಗೆ ಸಾಲಾಗಿ ಬರುವಾಗ ನಿಂತು ನೋಡು ಎಂದೇ ಅಲ್ಲವೇ ನಾವು ಆ ಪೆಟ್ಟಿಗೆಯನ್ನು ಕಟ್ಟಿದ್ದು?

ಗುರುವಾರದ ಸಭೆಯ ಕೊನೆಯಲ್ಲಿ, ಬೇರೆ ವಿಷಯಗಳಿವೆಯೇ ಎಂದು ಕೇಳಿದಾಗ ಕೈ ಎತ್ತಿದೆ. ಹೇಳಲು ಎರಡು ನಿಮಿಷ ಸಾಕಾಯಿತು. ಬರೆದುಕೊಂಡು ಹೋಗಿದ್ದೆ, ಚೀಟಿ ನೋಡಲಿಲ್ಲ.

ನಮ್ಮ ಗುಂಪಿನ ಮುಖ್ಯಸ್ಥೆ ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಮೂರೇ ಪ್ರಶ್ನೆ ಕೇಳಿದರು. ಯಾವ ದಿನ? ಯಾವ ದಾಖಲೆ? ಇನ್ನು ಯಾರು ನೋಡಿದ್ದಾರೆ?

"ನನ್ನ ಅಕ್ಕನ ಮಗಳು. ಬೀದರ ಎಂಬ ಊರಿನಲ್ಲಿ ಓದುತ್ತಾಳೆ."

"ಅವಳು ಈ ಲೆಕ್ಕದಲ್ಲಿ ಕೆಲಸ ಮಾಡುತ್ತಾಳೆಯೇ?"

"ಇಲ್ಲ. ಮೊದಲ ವರ್ಷದ ಬಿ.ಎಸ್ಸಿ."

ಯಾರೂ ನಗಲಿಲ್ಲ. ದಿನಚರಿ ಪುಸ್ತಕದಲ್ಲಿ ಈಗ ಹೀಗೆ ದಾಖಲಾಗಿದೆ: ನೋಡಿದವರು, ಮಹಾಮಾಯಾ ಮತ್ತು ವಿಶಾಖಾ. ಪತ್ತೆ ಹಚ್ಚಿದವರು, ವಿಶಾಖಾ. ನಿನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಬರೆಸಿದೆ.

ಗೆರೆಯನ್ನು ಮತ್ತೆ 18ಕ್ಕೆ ಏರಿಸಿದರು. ನಾನು ಲೆಕ್ಕದಿಂದ ಹೊರಗೆ. ನನ್ನ ಕಡತಗಳನ್ನೆಲ್ಲ ಒಬ್ಬ ಪೋಲಿಷ್ ಹುಡುಗಿಗೆ ಒಪ್ಪಿಸಿದೆ. ಅವಳು ನನಗಿಂತ ಐದು ವರ್ಷ ಚಿಕ್ಕವಳು. ಒಪ್ಪಿಸುವಾಗ ಅವಳು ಅತ್ತಳು, ನಾನು ಅಳಲಿಲ್ಲ. ಮನೆಗೆ ಬಂದು ಅನ್ನಕ್ಕೆ ಇಟ್ಟು, ಅದು ಸೀದುಹೋಗುವ ತನಕ ಪಕ್ಕದಲ್ಲೇ ನಿಂತಿದ್ದೆ.

ಸಂಸ್ಥೆಗೂ ನಾನೇ ಬರೆದು ತಿಳಿಸಿದ್ದೇನೆ. ಬೇರೆಯವರಿಂದ ಕೇಳುವುದು ಬೇಡವೆಂದು.

ಅವ್ವನಿಗೆ ಇನ್ನೂ ಹೇಳಿಲ್ಲ. ಗುಂಪಿನವರಿಗೆ ಹೇಳಿದ್ದಕ್ಕಿಂತ ಅದೇ ಕಷ್ಟ. ನಿನ್ನ ಕೈಲಾದರೆ ನೀನು ಹೇಳು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಎರಡು ಸಲ ಓದಿಕೋ.

ಮೌಶಿ


ಭಾಲ್ಕಿ
12 ಜನವರಿ 2025, ರವಿವಾರ

ಮೌಶಿ,

ಎರಡು ಸಲ ಓದಿದೆ. ಆದರೂ ನನಗೆ ನಿನ್ನ ಮೇಲೆ ಸಿಟ್ಟಿದೆ. ಎಂಟು ದಿನ ಕಾಗದ ಬರೆಯದೆ ಇದ್ದದ್ದು ಪರೀಕ್ಷೆ ಇತ್ತೆಂದು ಅಲ್ಲ. ಬರೆದರೆ ಕೆಟ್ಟ ಮಾತು ಬರುತ್ತಿತ್ತು.

ಅಜ್ಜಿಗೆ ಹೇಳಿದೆ. ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಳು. ನ್ಯೂಟ್ರಿನೋ ಎಲ್ಲ ಬಿಟ್ಟು, ಮೌಶಿ ನೋಡಬಾರದ್ದನ್ನು ತಪ್ಪಿ ನೋಡಿದಳು, ತಾನೇ ಹೋಗಿ ಹೇಳಿದಳು, ದೊಡ್ಡ ಕೆಲಸದಿಂದ ತೆಗೆದರು ಎಂದೆ. ಸೆರಗು ಸರಿಮಾಡಿಕೊಂಡು ಕೇಳಿದಳು.

"ಯಾರರೆ ಹಿಡದಿದ್ರೇನು?"

"ಇಲ್ಲ."

"ಯಾರರೆ ಕೇಳಿದ್ರೇನು?"

"ಇಲ್ಲಜ್ಜಿ, ತಾನೇ ಹೇಳ್ಯಾಳ."

"ಸಣ್ಣಾಕಿ ಇದ್ದಾಗ್ನಿಂದ ಹಿಂಗೇ. ಸಕ್ರಿ ಕದ್ದು ತಿಂದು, ನಾ ಡಬ್ಬಿ ತೆಗೆಯೋದ್ರಾಗ ತಾನೇ ಬಂದು ನಿಂತಿರ್ತಿದ್ಳು. ಹೊಡಿಲಿಕ್ಕೂ ಮಜಾ ಬರ್ತಿರ್ಲಿಲ್ಲ."

ಅಷ್ಟು ಹೇಳಿ ಎದ್ದು ಹೋಗಿ, ಹಿಂದಿನ ಕೋಣೆಯ ಬಾಗಿಲು ಹಾಕಿ ಬಂದಳು. ಮತ್ತೆ ಕೂತಳು. ಓಣಿಯವರು ಕೇಳಿದರೆ ಏನು ಹೇಳುತ್ತಾಳೆಂದು ನಾನು ಕೇಳಲಿಲ್ಲ.

ಒಂದು ಹೇಳಬೇಕು. ಆ ಪುಸ್ತಕದಲ್ಲಿ ನನ್ನ ಹೆಸರು ಇದೆಯಲ್ಲ, ಅದನ್ನು ಓದಿದಾಗ ಒಂದು ಕ್ಷಣ ಖುಷಿಯಾಯಿತು. ಆ ಖುಷಿಗೆ ಇನ್ನೂ ಹೆಚ್ಚು ಸಿಟ್ಟು ಬಂತು. ನಿನ್ನ ಮೇಲೋ ನನ್ನ ಮೇಲೋ ತಿಳಿಯದು.

ಸಂಸ್ಥೆಯವರು ಏನೆಂದರು? ಏಪ್ರಿಲ್‌ನಲ್ಲಿ ಪೆಟ್ಟಿಗೆ ತೆರೆಯುವಾಗ ನಿನ್ನನ್ನು ಒಳಗಾದರೂ ಬಿಡುತ್ತಾರೇನು?

ವಿಶಾಖಾ


ಗಣಿಯ ಊರು
21 ಏಪ್ರಿಲ್ 2025

ಪ್ರೀತಿಯ ವಿಶೂ,

ಬಿಟ್ಟರು.

ಸಂಸ್ಥೆಯಿಂದ ಮಾರ್ಚಿನಲ್ಲಿ ಉತ್ತರ ಬಂತು. ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿದ್ದಾರೆ. ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಎರಡೂ ಒಂದೇ ಪತ್ರದಲ್ಲಿ ಇದ್ದವು. ಫೋನಿನಲ್ಲಿ ಹೇಳದ್ದಕ್ಕೆ ಕ್ಷಮಿಸು. ಫೋನಿನಲ್ಲಿ ನಾವು ಹೇಗೆ ಮಾತಾಡುತ್ತೇವೆಂದು ನಿನಗೆ ಗೊತ್ತು. ಇಲ್ಲಿ ನೀರು ಶುದ್ಧ ಮಾಡುವ ವಿಭಾಗದಲ್ಲಿ ಒಂದು ವರ್ಷ ಇರಬಹುದು ಎಂದರು. ಪಂಪು, ಸೋಸುವ ಯಂತ್ರ, ಪೈಪು. ಒಪ್ಪಿಕೊಂಡೆ. ಅವ್ವನ ಮಾತು ಕೊನೆಗೂ ನಿಜವಾಯಿತು, ಬೆಟ್ಟದ ಹೊಟ್ಟೆಯಲ್ಲಿ ನೀರು ಕಾಯುತ್ತೇನೆ.

ಪೆಟ್ಟಿಗೆ ಹೋದ ಗುರುವಾರ ತೆರೆಯಿತು. ಕಂಪ್ಯೂಟರಿಗೆ ಕೊನೆಯ ಆಜ್ಞೆ ಒತ್ತುವವರು ಲೆಕ್ಕದಲ್ಲಿ ಕೈಯಿಲ್ಲದವರಾಗಿರಬೇಕು ಎಂದು ಇಲ್ಲೊಂದು ರೂಢಿ. ಸಾಮಾನ್ಯವಾಗಿ ಕಚೇರಿಯವರನ್ನೋ ಕ್ಯಾಂಟೀನಿನವರನ್ನೋ ಕರೆಯುತ್ತಾರೆ. ನಾನು ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿದ್ದೆ. ಮುಖ್ಯಸ್ಥೆ ಕೋಣೆಯನ್ನೊಮ್ಮೆ ನೋಡಿ ನನ್ನನ್ನು ಕರೆದರು. "ಈ ಲೆಕ್ಕದಲ್ಲಿ ನೀನು ಬದಲಿಸುವಂಥದ್ದು ಇನ್ನೇನೂ ಉಳಿದಿಲ್ಲ. ಬಾ" ಎಂದರು. ಹೋಗಿ ಒತ್ತಿದೆ. ಹನ್ನೊಂದು ನಿಮಿಷ ಯಂತ್ರ ಎಣಿಸಿತು. ಯಾರಿಗೋ ಬಿಕ್ಕಳಿಕೆ ಬಂತು, ಅದೊಂದೇ ಸದ್ದು.

ನಕ್ಷತ್ರಗಳ ಲೆಕ್ಕ ಬಿಟ್ಟು, ಬರೀ ಕಸದಿಂದಲೇ, ಎಂದರೆ ಬೇರೆ ಕಾರಣಗಳ ಬೆಳಕಿನಿಂದಲೇ, ಐದು ಬಳೆ ಕಾಣಬಹುದೆಂದು ಮೊದಲೇ ಅಂದಾಜು ಮಾಡಿದ್ದೆವು. ಸಿಕ್ಕಿದ್ದು ಆರು. ಎಂದರೆ ಹೊಸದೇನೂ ಇಲ್ಲ, ಇರಬಹುದಾದದ್ದು ಇದಕ್ಕಿಂತ ಹೆಚ್ಚಿಲ್ಲ ಎಂದಷ್ಟೇ ಹೇಳಬಹುದು. ಪೋಲಿಷ್ ಹುಡುಗಿ ಎದ್ದು ನಿಂತು ಅದನ್ನು ಓದಿದಳು. ಚೆನ್ನಾಗಿ ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಮನಸ್ಸಿಟ್ಟೇ ತಟ್ಟಿದೆ.

ಆಗ ಯಾರೋ ಕೇಳಿದರು: ಗೆರೆ 17ರಲ್ಲೇ ಇದ್ದಿದ್ದರೆ ಎಷ್ಟು ಬರುತ್ತಿತ್ತು, ಈಗ ಕುತೂಹಲಕ್ಕೆ ನೋಡಬಹುದಲ್ಲ? ಪೆಟ್ಟಿಗೆ ತೆರೆದಾಗಿದೆ, ಇನ್ನು ನೋಡಿದರೆ ತಪ್ಪಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಮುಖ್ಯಸ್ಥೆ ಹೇಳಿದರು: "ಮುಂದಿನ ಮೂರು ವರ್ಷದ ದಾಖಲೆಗಳಿಗೆ ಮತ್ತೆ ಹೊಸ ಗೆರೆ ಎಳೆಯಬೇಕು. ಈಗ ನೋಡುವವರು ಅದನ್ನು ಎಳೆಯುವಂತಿಲ್ಲ. ಎಳೆಯಬೇಕೆಂದಿರುವವರು ಹೊರಗೆ ಹೋಗಿ."

ನಾಲ್ಕು ಜನ ಎದ್ದೆವು. ಮುಂದಿನ ಲೆಕ್ಕಕ್ಕೆ ನನ್ನನ್ನು ಕರೆಯುತ್ತಾರೋ ಇಲ್ಲವೋ, ಕರೆದರೆ ನೋಡದ ಕಣ್ಣು ಇರಲಿ ಎಂದು. ಮೊದಲು ಎದ್ದವಳು ನಾನು. ಬಾಗಿಲು ನನಗೇ ಹತ್ತಿರವಿತ್ತು.

ಒಳಗೆ ಅವರು ಏನು ಕಂಡರೋ ನನಗೆ ಗೊತ್ತಿಲ್ಲ. ಅರ್ಧ ಗಂಟೆಯ ಮೇಲೆ ಹೊರಬಂದವರ ಮುಖ ನೋಡಕೂಡದೆಂದು ಪಂಪಿನ ಕೋಣೆಗೆ ಇಳಿದುಹೋದೆ. 17ರಲ್ಲಿ ಹತ್ತು ಬಂದಿರಬಹುದು, ಎಲ್ಲರ ಬಾಯಲ್ಲೂ ನನ್ನ ಹೆಸರು ಇರುವಷ್ಟು ಬಂದಿರಬಹುದು. ಏಳೇ ಬಂದಿರಬಹುದು. ಊಟದ ಮೇಜಿನಲ್ಲಿ ನೋಡಿದವರು ನನ್ನ ಎದುರಿಗೆ ಕೂರುತ್ತಾರೆ, ಉಪ್ಪು ಕೊಡು ಎನ್ನುತ್ತಾರೆ, ಕೊಡುತ್ತೇನೆ. ಅವರಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ಇಲ್ಲಿ ಇರುವಷ್ಟು ದಿನ ಇನ್ನು ಹೀಗೇ.

ಕೇಳಿಬಿಡೋಣ ಎಂದು ಮೊದಲ ದಿನ ಹತ್ತು ಸಲ ಅನಿಸಿತು. ಇವತ್ತು ಒಂಬತ್ತು ಸಲ ಅನಿಸಿದೆ.

ನಿನ್ನ ಮೌಶಿ,
ಮಹಾಮಾಯಾ